ಬೇರು ಕಡಿದು ಕಟ್ಟಿದ ಕಟ್ಟೆ

ನಿನ್ನೆ ಎರಚಲು ಬಡಿದು ಕಿಟಕಿ ಪಕ್ಕದ ಟೀಪಾಯಿ ನೆನೆದಿತ್ತು. ಒರೆಸಲು ಬಗ್ಗಿದೆ, ಹಲಗೆಯಿಂದ ಹಸಿ ಕಟ್ಟಿಗೆಯ ಒಗರು ವಾಸನೆ ಬಂತು. ಇಷ್ಟು ವರ್ಷವಾದರೂ ಹೋಗಿಲ್ಲ. ಮೈಯೆಲ್ಲ ಉರಿಯಿತು. ಬೆಳಗಾವಿಯ ನನ್ನ ಮನೆಗೆ ಬಂದವರೆಲ್ಲ ಹೊಗಳುವ ಹಲಗೆ ಅದು. ಕಣಕುಂಬಿಯ ನಮ್ಮ ಶಾಲೆಯ ಹಿಂದಿದ್ದ ದೊಡ್ಡ ಮರದ ಬೇರು.

ನಮ್ಮ ವಿಜ್ಞಾನದ ಮಾಸ್ತರರು ನಂದಗಡದವರು. ಪುಸ್ತಕ ಮುಚ್ಚಿಸಿ ಆ ಮರದ ಕೆಳಗೇ ಪಾಠ ಮಾಡುತ್ತಿದ್ದರು. ಬುಡದಿಂದ ನಾಲ್ಕೂ ಕಡೆಗೆ ಬೇರುಗಳು ಗೋಡೆಗಳಂತೆ ಎದ್ದು ಚಾಚಿದ್ದವು. ನಾವು ಅವುಗಳ ಸಂದಿಯಲ್ಲಿ ಕೂರುತ್ತಿದ್ದೆವು.

"ಇಲ್ಲಿ ಮಣ್ಣು ಮ್ಯಾಲ ಅಷ್ಟ ಐತಿ, ಕೆಳಗೆಲ್ಲಾ ಕಲ್ಲು. ಬೇರು ಆಳಕ್ಕ ಇಳಿಯೂದಿಲ್ಲ. ಅದಕ್ಕ ಬಾಜೂಕ ಕಾಲು ಚಾಚಿ ನಿಂತೈತಿ," ಅನ್ನುತ್ತಿದ್ದರು. ಎಲೆಯೊಂದನ್ನು ಹಿಡಿದು ಅದರ ತುದಿಯ ಚೂಪು ಬಾಲ ತೋರಿಸುವರು. ನೀರು ನಿಂತರೆ ಎಲೆಗೆ ಪಾಚಿ ಹಿಡಿಯುತ್ತದೆ, ಅದಕ್ಕೇ ಜಾರಿಸಿಬಿಡುತ್ತದೆ ಎಂದು. ಅವರ ಮಾತೂ ನಮ್ಮ ಮೇಲಿಂದ ಹಾಗೇ ಜಾರಿ ಹೋಯಿತು...

ಅವರ ನಿವೃತ್ತಿಯ ವರ್ಷ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದೆವು. ಅಷ್ಟರಲ್ಲಿ ನಾನು ಬೆಳಗಾವಿಯಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರ. ನಮ್ಮ ಕಡೆ ಮರಕ್ಕೆ ಗೌರವ ಎಂದರೆ ಕಟ್ಟೆ. ಬೇವಿಗೆ ಕಟ್ಟುತ್ತಾರೆ, ಅರಳಿಗೆ ಕಟ್ಟುತ್ತಾರೆ. ಮಾಸ್ತರರ ಮರಕ್ಕೂ ಗುಂಡನೆಯ ಕಟ್ಟೆ ಕಟ್ಟಿ, ಅವರ ಹೆಸರಿನ ಕಲ್ಲು ಕೂರಿಸೋಣ ಎಂದೆವು. ಅವರು ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು. ಮೊದಲೇ ತಿಳಿಸಿದರೆ ಮಜಾ ಎಲ್ಲಿ ಉಳಿಯಿತು? ಕಟ್ಟೆಯ ದುಂಡಿಗೆ ಅಡ್ಡ ಬಂದ ಬೇರುಗಳಿಗೆಲ್ಲ ನಾನೇ ಮುಂದೆ ನಿಂತು ಗರಗಸ ಹಾಕಿಸಿದೆ. ಚೆಂದದ ಒಂದು ಹಲಗೆಯನ್ನು ಮನೆಗೂ ತಂದೆ. ಎಂಥ ಕತ್ತೆ ನಾನು!

ಸನ್ಮಾನದ ದಿನ ಅವರು ಕಟ್ಟೆ ನೋಡಿ ನಿಂತೇಬಿಟ್ಟರು. "ಕುಂದರ್ರಿ ಸರ," ಎಂದೆ. ಹೊದಿಸಿದ ಶಾಲು ತೆಗೆದು ನನ್ನ ಕೈಗಿಟ್ಟರು.

"ಅದರ ಕಾಲು ಕಡದು, ನನಗ ಕುಂದರ್ರಿ ಅಂತಿಯೇನೋ?"

ಅದೇ ವರ್ಷ ಆಷಾಢದ ಮಳೆಯಲ್ಲಿ ಒಂದು ಭಾನುವಾರ ಮರ ಶಾಲೆಯ ಅಡುಗೆಕೋಣೆಯ ಮೇಲೆ ಉರುಳಿತು. ರಜೆ ಇದ್ದುದಕ್ಕೆ ಮಕ್ಕಳು ಉಳಿದರು. ಸುದ್ದಿ ಕೇಳಿ ನಾನೂ ಓಡಿದೆ. ಮಾಸ್ತರರು ಆಗಲೇ ಬಂದು ಮಳೆಯಲ್ಲಿ ನಿಂತಿದ್ದರು. ಹಳೇ ಮರ, ಎಂದೋ ಕಡಿಸಬೇಕಿತ್ತು, ಈ ಮಾಸ್ತರರೇ ಬಿಡಲಿಲ್ಲ ಎಂದು ಊರವನೊಬ್ಬ ಶುರು ಮಾಡಿದ. ಉಳಿದವರು ತಲೆಯಾಡಿಸಿದರು. ಕಟ್ಟೆಗೆ ಕೈಜೋಡಿಸಿದವರೂ! ಮಾಸ್ತರರು ನನ್ನ ಕಡೆ ತಿರುಗಿದರು.

"ನೀನರ ಖರೇ ಹೇಳೋ."

"ಗಾಳಿ ಭಾಳ ಇತ್ರಿ ಸರ," ಎಂದೆ.

ಮತ್ತೆ ಅವರು ನನ್ನ ಜೊತೆ ಮಾತಾಡಲಿಲ್ಲ. ಹೋದ ವರ್ಷ ತೀರಿಕೊಂಡರು... ಮಣ್ಣಿಗೂ ಹೋಗಲಿಲ್ಲ ನಾನು. ಯಾವ ಮುಖ ಹೊತ್ತು ಹೋಗಲಿ?

ತಪ್ಪು ಹೊರಿಸಿದವನ ಮೇಲೆ, ತಲೆಯಾಡಿಸಿದವರ ಮೇಲೆ ಇವತ್ತಿಗೂ ಸಿಟ್ಟಿದೆ. ಎಲ್ಲ ಸುತ್ತಿ ಬಂದು ನನ್ನ ಮೇಲೇ ಬೀಳುತ್ತದೆ. ನಿನ್ನೆ ಆ ಹಲಗೆಯನ್ನು ಹೊರಗೆಸೆಯಲು ಎತ್ತಿದೆ. ಎಸೆದು ಹಗುರಾಗುವ ಹಕ್ಕು ನನಗಿಲ್ಲ ಅನ್ನಿಸಿ ಮತ್ತೆ ಅಲ್ಲೇ ಇಟ್ಟೆ. ಮರ ಇಲ್ಲ, ಮಾಸ್ತರರೂ ಇಲ್ಲ. ಕಣಕುಂಬಿಯಲ್ಲಿ ಅರ್ಧ ಕಟ್ಟೆ ಉಳಿದಿದೆ, ಅದರಲ್ಲಿ ಅವರ ಹೆಸರಿನ ಕಲ್ಲು. ಅದನ್ನು ಓದಿದವರು, ಈ ಕಟ್ಟೆ ಕಟ್ಟಿಸಿದ್ದೇ ಆ ಮಾಸ್ತರರು ಎಂದುಕೊಳ್ಳುತ್ತಾರೆ.