ರಸ್ತೆಗೆ ಹಾಸಿದ ಹುರುಳಿ

ಮೂಕಂಡಪಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬಾಯಿ ತೆರೆಯುವ ಮೊದಲು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಹೊಸೂರಿನ ಟೌನ್ ಬಸ್ಸು ನಮ್ಮೆದುರೇ ಹೋದರೂ ನಿಲ್ಲುತ್ತಿರಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತ ಗಂಡಸರದು ಅದೇ ವಾದ: "ಮನೆ ಕೊಟ್ಟವ್ರೆ. ಬಸ್ಸೂ ಕೇಳಿದ್ರೆ ಮನೇನೂ ಕಿತ್ಕೊಂಡಾರು."

ಅಕ್ಕನದೂ ಒಂದೇ ಮಾತು: "ಮನೆ ಕೊಟ್ಟೋರು ದಾರಿ ಕೊಡಬ್ಯಾಡ್ವಾ?"

ಹುರುಳಿಯನ್ನು ಟಾರು ರಸ್ತೆಗೆ ಹಾಸಿ, ಓಡಾಡುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸುವುದು ನಮ್ಮ ಕಡೆಯ ವಾಡಿಕೆ. ಆ ಸುಗ್ಗಿಯಲ್ಲಿ ಅಕ್ಕ ಉದ್ದನಪಲ್ಲಿಯ ತವರಿನಿಂದ ಗಾಡಿ ತುಂಬ ಹುರುಳಿ ಗಿಡ ತರಿಸಿ, ಕ್ವಾರ್ಟರ್ಸಿನ ಎದುರು ಮೊಣಕಾಲೆತ್ತರ ಹಾಸಿಬಿಟ್ಟಳು. ಬೆಳಗಿನ ಬಸ್ಸು ಮುಂದೆ ಹೋಗಲಾರದೆ ನಿಂತಿತು. ರಸ್ತೆ ಬದಿಯಲ್ಲಿ ಕಾದಿದ್ದ ಕ್ವಾರ್ಟರ್ಸಿನವರೆಲ್ಲ ನುಗ್ಗಿ ಹತ್ತಿಕೊಂಡರು. ಮೊದಲು ಹತ್ತಿದವರು ಮೆಟ್ಟಿಲ ಮೇಲಿನ ಗಂಡಸರೇ.

ಇದೇನು ರಸ್ತೆಯೋ ಕಣವೋ ಎಂದು ಡ್ರೈವರ್ ತಮಿಳಿನಲ್ಲಿ ಕಿರುಚಿದ.

"ನೀನು ದಿನಾ ನಿಲ್ಸೋಗಂಟ ಇದು ಕಣಾನೇ ಅಣ್ಣಾ," ಎಂದಳು ಅಕ್ಕ.

ಆಮೇಲೆ ಮತ್ತೊಮ್ಮೆ ಸೆರಗು ಸಿಕ್ಕಿಸಿ, ಬಸ್ಸು ಹೋಗುವಷ್ಟು ಗಿಡ ಸರಿಸಿಕೊಟ್ಟಳು.

"ಈಗ ಹೋಗು. ನಾಳೆ ನಿಲ್ಸದಿದ್ರೆ ರಾಗಿ ಹಾಸ್ತೀನಿ. ನಮ್ಮವ್ವನ ಮನೇಲಿ ಬೆಳೆಗೇನೂ ಬರ ಇಲ್ಲ."