ಅಗಲಿದವರಿಗೆ ಒಂದೊಂದೇ ವಾಕ್ಯ

ಬೆಳಿಗ್ಗೆ ಆರೂಕಾಲು. ಕಾಲೇಜಿನ ದೊಡ್ಡ ಗೇಟಿಗೆ ಇನ್ನೂ ಬೀಗ. ಪಕ್ಕದ ಸಣ್ಣ ಬಾಗಿಲಿನಿಂದ ಒಳಬಂದ ಹೆಂಗಸು ಮಹಡಿ ಮೆಟ್ಟಿಲ ಕೆಳಗಿನ ಕೋಣೆಯ ಚಿಲಕ ತೆಗೆದು, ದೀಪ ಹಾಕಿ, ಕೈಚೀಲವನ್ನು ಮೊಳೆಗೆ ತೂಗುಹಾಕಿ, ಕುರ್ಚಿಯಲ್ಲಿ ಕೂರುವ ಮೊದಲೇ ಫೋನಿನ ಗುಂಡಿಗಳನ್ನು ಒತ್ತುತ್ತಾರೆ.

“ನಮಸ್ಕಾರ ಸಾರ್, ಕಾಲೇಜಿಂದ ಮಾತಾಡ್ತಿರೋದು. ತೀರಿಕೊಂಡ ನಿಮ್ಮ ಅಣ್ಣನವರ ವಿಷಯಕ್ಕೆ.”

ಆ ಕಡೆಯ ದನಿ ದೊಡ್ಡದು, ಕೋಣೆಗೆಲ್ಲ ಕೇಳಿಸುತ್ತದೆ. “ಏನು ಹೇಳ್ಲಮ್ಮ, ನಮ್ಮಣ್ಣ ದೇವರಂಥ ಮನುಷ್ಯ.”

“ಹೌದು ಸಾರ್. ದೇವರಂಥ ಮನುಷ್ಯ ಏನು ಮಾಡ್ತಿದ್ರು?”

“ಎಲ್ಲರಿಗೂ ಸಹಾಯ ಮಾಡ್ತಿದ್ದ.”

“ಎಲ್ಲರೂ ಬೇಡ ಸಾರ್. ಯಾರಾದ್ರೂ ಒಬ್ಬರನ್ನ ಹೇಳಿ. ಅವರಿಗೇನು ಮಾಡಿದ್ರು?”

ಒಂದು ಕೆಮ್ಮು. ಆಮೇಲೆ, “ಜೇಬಲ್ಲಿ ಯಾವಾಗ್ಲೂ ವಾಷರ್ ಇಟ್ಕೊಂಡಿರ್ತಿದ್ದ. ಯಾವ ಬೀದೀಲಿ ಕೈಪಂಪು ಕೆಟ್ಟಿದ್ರೂ ಅಲ್ಲೇ ಕೂತು ಬಿಚ್ಚೋನು. ಒಂದ್ಸಲ ಮದುವೆಗೆ ಅಂತ ಹೊರಟು ಹೊಸ ಅಂಗಿಗೆಲ್ಲ ಗ್ರೀಸ್ ಮೆತ್ಕೊಂಡ. ಅತ್ತಿಗೆ ಉಗಿದಿದ್ದು ಈಗಲೂ ನನ್ನ ಕಿವೀಲಿದೆ.”

“ಹಾಂ, ಇದು ಸರಿ,” ಎಂದು ಅವರು ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. “ಯಾವ ಬೀದಿ ಸಾರ್? ಅಲ್ಲಿ ನೋಡಿದೋರು ಯಾರಾದ್ರೂ ಇದ್ದಾರಾ?”

ಕಾಲೇಜಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಕಾರ್ಡಕ್ಕ ಎಂದು. ವಯಸ್ಸು ಐವತ್ತೇಳು. ಹುದ್ದೆ ರೆಕಾರ್ಡ್ ರೂಮಿನ ಅಟೆಂಡರ್. ಈ ಕಾಲೇಜಿನಲ್ಲಿ ಓದಿ ಹೋಗಿ ತೀರಿಕೊಂಡವರಿಗೆಲ್ಲ ಇಲ್ಲಿ ಒಂದೊಂದು ಕಾರ್ಡು ಇದೆ. ಕಾರ್ಡಿನಲ್ಲಿ ಹೆಸರು, ಓದಿದ ವರ್ಷ, ತೀರಿಕೊಂಡ ವರ್ಷ. ಅದರ ಕೆಳಗೆ, ಅವರು ಊರಿಗೆ ಮಾಡಿದ್ದೇನು ಎಂಬುದಕ್ಕೆ ಒಂದೇ ಒಂದು ವಾಕ್ಯ. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೆಲ್ಲ ಸಭಾಂಗಣದಲ್ಲಿ ಸೇರುತ್ತಾರೆ. ಆ ವರ್ಷ ಅಗಲಿದವರ ಹೆಸರನ್ನೂ ವಾಕ್ಯವನ್ನೂ ಪ್ರಿನ್ಸಿಪಾಲರು ಗಟ್ಟಿಯಾಗಿ ಓದುತ್ತಾರೆ. ವಾಕ್ಯಗಳನ್ನು ಬರೆದವರು ಯಾರೆಂದು ಸಭೆ ಕೇಳುವುದಿಲ್ಲ. ಬರೆದವರು ಬಾಗಿಲ ಬಳಿ ಫ್ಯಾನಿನ ಸ್ವಿಚ್ಚುಗಳ ಪಕ್ಕದಲ್ಲಿ ನಿಂತಿರುತ್ತಾರೆ.

ಕಥೆಗಳಲ್ಲಿ ರಾಕ್ಷಸನ ಜೀವ ಏಳು ಕೋಣೆಗಳಾಚೆ, ಏಳು ಪೆಟ್ಟಿಗೆಗಳೊಳಗೆ ಇರುತ್ತದೆ. ಇಲ್ಲಿ ಕೋಣೆ ಒಂದೇ, ಪೆಟ್ಟಿಗೆಗಳು ಮೂವತ್ತಾರು. ಕಾರ್ಡುಗಳು ನಾಲ್ಕು ಸಾವಿರದ ಇನ್ನೂರ ಹದಿನಾರು. ವರ್ಷಕ್ಕೆ ಐವತ್ತರಿಂದ ಎಪ್ಪತ್ತು ಸೇರುತ್ತವೆ. ದಿನಕ್ಕೆ ಎಂಟೋ ಒಂಬತ್ತೋ ಫೋನು. ಅದರಲ್ಲಿ ಕೆಲಸಕ್ಕೆ ಬರುವುದು ಎರಡು. “ವಯಸ್ಸಾದೋರು ಆರರಿಂದ ಏಳರೊಳಗೆ ಸಿಕ್ತಾರೆ. ಆಮೇಲೆ ಮಗ ಎತ್ತುತ್ತಾನೆ, ಸೊಸೆ ಎತ್ತುತ್ತಾಳೆ. ಅವರಿಗೆ ಗೊತ್ತಿರೋದು ಅಜ್ಜನ ಬಿ.ಪಿ. ಎಷ್ಟಿತ್ತು ಅನ್ನೋದು ಮಾತ್ರ,” ಎನ್ನುತ್ತಾರೆ ಕಾರ್ಡಕ್ಕ.

ಒಂಬತ್ತನೇ ತರಗತಿಗೆ ಅವರ ಓದು ನಿಂತಿದೆ. ಗಂಡ ಇದೇ ಕಾಲೇಜಿನ ತೋಟದ ಮಾಲಿ. ಅವರು ತೀರಿಕೊಂಡಾಗ ಇಪ್ಪತ್ತಾರರ ಹೆಂಡತಿಗೆ ಕೆಲಸ ಸಿಕ್ಕಿತು, ಧೂಳು ಹೊಡೆಯುವ ಕೆಲಸ. ಕಾರ್ಡುಗಳನ್ನು ಆಗ ನೋಡಿಕೊಳ್ಳುತ್ತಿದ್ದವರು ಮುದುಕ ಲೈಬ್ರರಿಯನ್. ಇವರ ಅಕ್ಷರ ದುಂಡಗಿದೆ ಎಂದು ಅವರು ಒಂದು ಕಾರ್ಡು ಬರೆಯಲು ಕೊಟ್ಟರು, ಮರುದಿನ ಹತ್ತು ಕೊಟ್ಟರು, ನಿವೃತ್ತಿಯ ದಿನ ಕೋಣೆಯ ಬೀಗದಕೈಯನ್ನೇ ಕೊಟ್ಟು ಹೋದರು. ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ ಆಯಿತು. ಮನೆಯಲ್ಲಿ ಎಂಬತ್ತನಾಲ್ಕರ ಅತ್ತೆ ಇದ್ದಾರೆ. “ಸತ್ತೋರ ಯೋಗಕ್ಷೇಮ ಊರಿಗೆಲ್ಲ ಫೋನ್ ಮಾಡಿ ವಿಚಾರಿಸ್ತಾಳೆ. ಬದುಕಿರೋ ನನ್ನ ಮಂಡಿನೋವು ಕೇಳೋಕೆ ಮಾತ್ರ ಇವಳಿಗೆ ಲೈನ್ ಸಿಗಲ್ಲ,” ಎಂಬುದು ಅವರ ದೂರು.

ವಾಕ್ಯಕ್ಕೆ ಕಾರ್ಡಕ್ಕ ಎರಡು ಕಟ್ಟುಪಾಡು ಇಟ್ಟುಕೊಂಡಿದ್ದಾರೆ. ಎಂಥವರು ಎಂದು ಬರೆಯುವಂತಿಲ್ಲ, ಏನು ಮಾಡಿದರು ಎಂದು ಮಾತ್ರ ಬರೆಯಬೇಕು. ಮನೆಯವರಲ್ಲದ ಒಬ್ಬರಾದರೂ ಅದನ್ನು ಕಣ್ಣಾರೆ ಕಂಡಿರಬೇಕು. ಕಂಡವರು ಸಿಗದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ, ಸಭೆಯಲ್ಲಿ ಹೆಸರೂ ವರ್ಷವೂ ಓದಿ ಮುಂದಕ್ಕೆ ಹೋಗುತ್ತಾರೆ. ಹಾಗೆ ಖಾಲಿ ಉಳಿದ ಕಾರ್ಡುಗಳು ಸಾವಿರಕ್ಕೂ ಹೆಚ್ಚು.

ಕಳೆದ ವರ್ಷ ಅರವತ್ತೊಂದು ಹೆಸರುಗಳಿದ್ದವು. ಅವುಗಳಲ್ಲಿ ಎರಡರ ವಿಷಯದಲ್ಲಿ ಕಾರ್ಡಕ್ಕನ ಕೈ ತಪ್ಪಿತು.

ಒಬ್ಬರು ಔಷಧಿ ಅಂಗಡಿಯವರು. ಹದಿನೆಂಟು ವರ್ಷ ಪ್ರತಿ ಭಾನುವಾರ ದೊಡ್ಡಾಸ್ಪತ್ರೆಯ ಗೇಟಿನ ಬಳಿ ನಿಂತು, ಓದಲು ಬಾರದವರ ಮಾತ್ರೆ ಪೊಟ್ಟಣಗಳ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಟ್ಟವರು. ಕಂಡವರು ಒಬ್ಬರಲ್ಲ, ಐದು ಜನ ಸಿಕ್ಕಿದ್ದರು. ಇನ್ನೊಬ್ಬರು ಸರ್ಕಾರಿ ಕಚೇರಿಯೊಂದರ ಗುಮಾಸ್ತರು. ಅವರ ಮಗಳಿಗೆ ಕನ್ನಡಕದ ಅಂಗಡಿಯಿದೆ. ಫೋನಿನಲ್ಲಿ ಕೇಳಿದಾಗ ಆಕೆ ಹೇಳಿದ್ದು, “ಬರೆಯೋಂಥದ್ದು ಏನೂ ಇಲ್ಲ. ಬಿಟ್ಬಿಡಿ.” ಹೀಗಾಗಿ ಆ ಕಾರ್ಡು ಖಾಲಿ.

ವಾಕ್ಯವನ್ನು ಮೊದಲು ಬೇರೆ ಚೀಟಿಯಲ್ಲಿ ಬರೆದು, ಹಿಂದೆ ಕಾರ್ಡಿನ ನಂಬರು ಹಾಕಿ, ಆಮೇಲೆ ಕಾರ್ಡಿಗೆ ಪಿನ್ನು ಚುಚ್ಚುವುದು ಅಲ್ಲಿಯ ರೂಢಿ. ಆ ದಿನ ಸೂರ್ಯಚಂದ್ರರ ಚೀಟಿಗೆ ನಂಬರು ಹಾಕುವಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದವರು, ಚೀಟಿಯನ್ನು ಎದುರಿಗಿದ್ದ ಕಾರ್ಡಿಗೆ ಚುಚ್ಚಿದರು. ಎದುರಿಗಿದ್ದದ್ದು ಗುಮಾಸ್ತರ ಕಾರ್ಡು.

ಸಭೆಯಲ್ಲಿ ಗುಮಾಸ್ತರ ಹೆಸರಿನ ಜೊತೆ ಔಷಧಿ ಅಂಗಡಿಯವರ ವಾಕ್ಯವನ್ನು ಪ್ರಿನ್ಸಿಪಾಲರು ಓದಿದರು. ಔಷಧಿ ಅಂಗಡಿಯವರಿಗೆ ಬರೀ ಹೆಸರು, ವರ್ಷ. ನಾಲ್ಕನೇ ಸಾಲಿನಲ್ಲಿದ್ದ ಗುಮಾಸ್ತರ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅತ್ತದ್ದನ್ನು ಕಾರ್ಡಕ್ಕ ಬಾಗಿಲಿನಿಂದ ನೋಡಿದ್ದಾರೆ. ವರ್ಷವರ್ಷವೂ ಯಾರಾದರೊಬ್ಬರು ಅಳುತ್ತಾರೆ. ಅವರಿಗೆ ಅದು ಹೊಸದಲ್ಲ.

ತಪ್ಪು ಗೊತ್ತಾದದ್ದು ಎಂಟು ತಿಂಗಳ ಮೇಲೆ. ಔಷಧಿ ಅಂಗಡಿಯವರ ಹೆಂಡತಿ ಯಾವುದೋ ಸರ್ಟಿಫಿಕೇಟಿನ ನಕಲಿಗೆಂದು ಕಾಲೇಜಿಗೆ ಬಂದರು. ನಕಲು ಕೈಗೆ ಬಂದ ಮೇಲೂ ಬಾಗಿಲಲ್ಲೇ ನಿಂತರು.

“ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ. ಆಸ್ಪತ್ರೆ ಗೇಟಲ್ಲಿ ಇನ್ನೊಬ್ಬರೂ ಬರೆದುಕೊಡ್ತಿದ್ರಾ? ಇವರು ಯಾವತ್ತೂ ಹೇಳಿರ್ಲಿಲ್ಲ.”

ಕಾರ್ಡಕ್ಕ ಪೆಟ್ಟಿಗೆ ಎಳೆದರು, ಗುಮಾಸ್ತರ ಕಾರ್ಡು ತೆಗೆದರು, ಚೀಟಿ ತಿರುಗಿಸಿದರು. ಹಿಂದೆ ನಂಬರಿಲ್ಲ.

“ನಾನು ಅಂದ್ಕೊಂಡೆ, ಇವರದ್ದು ಸಣ್ಣ ಕೆಲಸ ಅಂತ ಕಾಲೇಜಿನೋರು ಬಿಟ್ಟಿರಬೇಕು ಅಂತ,” ಎಂದರು ಆಕೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ನಾಲ್ಕನೇ ಸಾಲಿನ ಅಳುವಿನ ವಿಷಯವನ್ನೂ ಕೇಳಿಸಿಕೊಂಡು, “ಹಾಗಾದ್ರೆ ಇರ್ಲಿ ಬಿಡಿ, ಆ ಹುಡುಗಿಗೇ ಇರ್ಲಿ,” ಎಂದು ಎದ್ದರು. ಹತ್ತು ಹೆಜ್ಜೆ ಹೋಗಿ ವಾಪಸು ಬಂದರು. “ಇಲ್ಲ. ಕೊಡೋಕೆ ನಾನ್ಯಾರು? ಬಿಸಿಲಲ್ಲಿ ನಿಂತೋರು ಅವರು. ಅವರದ್ದು ಅವರಿಗೇ ಬೇಕು.”

ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಗಳಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. “ಕಾರ್ಡಲ್ಲಿ ತಿದ್ದಿಬಿಡಮ್ಮ, ಮುಗೀತು. ಹೋದ ವರ್ಷ ಓದಿದ್ದು ಯಾರಿಗೆ ನೆನಪಿರುತ್ತೆ?”

“ಇಬ್ಬರಿಗೆ ಇರುತ್ತೆ ಸಾರ್. ಓದಿದ ಕಡೇನೇ ತಿದ್ದಬೇಕು.”

“ಸಭೇಲಿ ಎದ್ದು ನಿಂತು, ತಪ್ಪಾಯ್ತು, ನಿಮ್ಮಪ್ಪ ಏನೂ ಮಾಡಿಲ್ಲ ಅಂತ ಆ ಹುಡುಗಿ ಮುಂದೆ ಓದ್ತೀಯಾ?”

ಸಭೆಗೆ ಇನ್ನು ನಾಲ್ಕು ತಿಂಗಳಿತ್ತು.

ಕನ್ನಡಕದ ಅಂಗಡಿಗೆ ಹೋದಾಗ ಅವರಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ಫೋಟೊ. ದಪ್ಪ ಹುಬ್ಬು, ಬಿಗಿದ ತುಟಿ. ಅಪ್ಪನ ಫೋಟೊ ಅಂಗಡಿಗೆ ಬಂದದ್ದು ಸಭೆಯ ಮರುವಾರವಂತೆ. ಅದಕ್ಕೆ ಮುಂಚೆ ಅದು ಬೀರುವಿನಲ್ಲಿ ಬಟ್ಟೆಗಳ ಕೆಳಗಿತ್ತು. ಮಗಳು ಗಾಜು ಉಜ್ಜುವ ಯಂತ್ರ ನಿಲ್ಲಿಸಿ ಎಲ್ಲ ಕೇಳಿದಳು.

“ಹಾಗಾದ್ರೆ ನಮ್ಮಪ್ಪ ಯಾರಿಗೂ ಏನೂ ಮಾಡ್ಲಿಲ್ಲ ಅಂತೀರಾ?”

“ಹಾಗಂದಿಲ್ಲ ಮಗಳೇ. ನಂಗೆ ಗೊತ್ತಿಲ್ಲ ಅಂದೆ.”

“ನಂಗೆ ಗೊತ್ತು. ಮನೇಲಿ ವಾರಕ್ಕೆ ನಾಲ್ಕು ಮಾತು, ಅದೂ ಬೈಗುಳ. ಎಂಟು ಗಂಟೆ ಹೊಡೆಯೋದ್ರೊಳಗೆ ಚಪ್ಪಲಿ ಮೆಟ್ಟಿ ಹೊರಟ್ಬಿಡ್ತಿದ್ರು. ನಮ್ಮ ಮುಖ ನೋಡೋಕೆ ಇಷ್ಟ ಇಲ್ಲ ನಿಮ್ಮಪ್ಪನಿಗೆ ಅಂತ ಅಮ್ಮ ಸಾಯೋವರೆಗೂ ಅಂದ್ಲು.” ಆಕೆ ಯಂತ್ರ ಮತ್ತೆ ಚಾಲು ಮಾಡಿದಳು. “ತಿದ್ಕೊಳ್ಳಿ. ಫೋಟೊ ಏನು ಮಾಡ್ಬೇಕೋ ನಾನು ನೋಡ್ಕೋತೀನಿ.”

ಕಾರ್ಡಕ್ಕ ಅಲ್ಲಿಂದ ನೇರ ಗುಮಾಸ್ತರ ಕಚೇರಿಗೆ ಹೋದರು. ಅಲ್ಲಿ ಗುಮಾಸ್ತರಿಗೆ ‘ಬೀಗ’ ಎಂದು ಅಡ್ಡಹೆಸರು. “ಬಾಯಿ ತೆಗೆದಿದ್ದು ನಾವು ಕಂಡಿಲ್ಲ,” ಎಂದ ಸಹೋದ್ಯೋಗಿ, “ಆದ್ರೆ ಟೈಮು ಅಂದ್ರೆ ಟೈಮು. ಹತ್ತು ಹೊಡೆದಾಗ ಸಹಿ ಹಾಕ್ತಿದ್ರು. ಒಂದು ನಿಮಿಷ ಮುಂಚೆ ಬಂದೋರಲ್ಲ,” ಎಂದು ಸೇರಿಸಿದರು.

ರೆಕಾರ್ಡ್ ರೂಮಿನವರ ತಲೆ ಓಡುವುದು ಇಂಥಲ್ಲೇ. ಮನೆ ಬಿಡುವುದು ಎಂಟಕ್ಕೆ, ಸಹಿ ಹತ್ತಕ್ಕೆ. ಮನೆಯಿಂದ ಕಚೇರಿಗೆ ಕಾರ್ಡಕ್ಕ ತಾವೇ ನಡೆದು ನೋಡಿದರು: ಮೂವತ್ತೈದು ನಿಮಿಷ. ಉಳಿದ ಹೊತ್ತು ಎಲ್ಲಿ ಹೋಯಿತು? ಆರು ವಾರ, ಆರರಿಂದ ಏಳರ ಫೋನು ಮುಗಿಸಿ, ಕಾಲೇಜಿಗೆ ವಾಪಸು ಬರುವುದು ತಡವಾಗುತ್ತದೆಂದು ಬರೆದುಕೊಟ್ಟು, ಎಂಟಕ್ಕೆ ಗುಮಾಸ್ತರ ಮನೆಯ ಮುಂದಿನಿಂದ ನಡೆಯಲು ಶುರು ಮಾಡುತ್ತಿದ್ದರು. ದಿನಕ್ಕೊಂದು ದಾರಿ. ಕೈಯಲ್ಲಿ ಕಚೇರಿಯಿಂದ ಇಸಿದುಕೊಂಡ ಗುಮಾಸ್ತರ ಫೋಟೊದ ನಕಲು. ಪತ್ರಿಕೆ ಮಾರುವವರು, ಚಹಾದ ಅಂಗಡಿಯವರು, ಇಸ್ತ್ರಿ ಮಾಡುವವರು — ಯಾರೂ ಗುರುತಿಸಲಿಲ್ಲ. ಚಹಾದ ಅಂಗಡಿಯವರು ಮಾತ್ರ, “ಓಡಿಹೋಗಿದ್ದಾರಾ?” ಎಂದು ಕನಿಕರದಿಂದ ವಿಚಾರಿಸಿದರು.

ಏಳನೇ ವಾರ, ಎಲ್ಲಕ್ಕಿಂತ ಸುತ್ತಿನ ದಾರಿಯಲ್ಲಿ, ಬಸ್ಸುಗಳು ಕತ್ತು ಹೊರಳಿಸಿದಂತೆ ತಿರುಗುವ ಒಂದು ರಸ್ತೆ ಸಿಕ್ಕಿತು. ಅದರ ಅಂಚಿನಲ್ಲೊಂದು ಪ್ರಾಥಮಿಕ ಶಾಲೆ. ಗೇಟು ಕಾಯುವ ಹೆಂಗಸು ಫೋಟೊವನ್ನು ಕೈಗೆ ತೆಗೆದುಕೊಂಡವರೇ, “ಅಯ್ಯೋ, ಛತ್ರಿ ಸಾಹೇಬ್ರು! ಏನಾಯ್ತು ಇವರಿಗೆ? ಒಂದೂವರೆ ವರ್ಷದಿಂದ ಪತ್ತೇನೇ ಇಲ್ಲ,” ಎಂದರು.

ಆ ತಿರುವಿನಲ್ಲಿ ಹಿಂದೊಮ್ಮೆ ಒಂದು ಮಗು ಬಸ್ಸಿಗೆ ಸಿಕ್ಕು ಕಾಲು ಮುರಿದುಕೊಂಡಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ಅದನ್ನು ಎತ್ತಿ ಬದಿಗೆ ಮಲಗಿಸಿದರು. ಮರುದಿನ ಬಂದು ರಸ್ತೆಯ ನಡುವೆ ಛತ್ರಿ ಅಡ್ಡ ಹಿಡಿದು ನಿಂತರು. ಒಂಬತ್ತು ವರ್ಷ ನಿಂತರು. ಆ ದಾರಿಯ ಬಸ್ಸಿನ ಡ್ರೈವರನ್ನೂ ಕಾರ್ಡಕ್ಕ ಹುಡುಕಿ ಕೇಳಿದ್ದಾರೆ. “ಮಳೆಯಿಲ್ಲದ ದಿನ ಛತ್ರಿ ಕಂಡ್ರೆ ಬ್ರೇಕ್ ಮೇಲೆ ಕಾಲು ತಾನಾಗೇ ಹೋಗೋದು,” ಎಂದು ಆತ ಹೇಳಿದ್ದು ಚೀಟಿಯಲ್ಲಿದೆ.

ಮಗಳು ಫೋನಿನಲ್ಲಿ ನಂಬಲಿಲ್ಲ. “ಹೋದ ವರ್ಷವೂ ಚೆನ್ನಾಗೇ ಹೇಳಿದ್ರಿ. ಈ ಸಲ ನಾನೇ ಕೇಳ್ತೀನಿ.” ಅಂಗಡಿ ಮುಚ್ಚಿ ಶಾಲೆಯ ಗೇಟಿಗೆ ಬಂದಳು. ಗೇಟಿನ ಹೆಂಗಸಿಗೂ ಆಕೆಗೂ ನಡೆದ ಮಾತು ಇಷ್ಟು.

“ಮಕ್ಕಳ ಜೊತೆ ನಗ್ತಾ ಮಾತಾಡ್ತಿದ್ರಾ?”

“ನಗೋದಾ? ಎಲ್ಲಿಂದ ಬಂತಮ್ಮ! ಬೈಯೋರು. ಬಾಯಿ ಮುಚ್ಕೊಂಡು ದಾಟು, ಬೂಟಿನ ದಾರ ಕಟ್ಕೋ, ಆ ಮೂಗು ಒರೆಸ್ಕೋ ಅಂತ. ಮಕ್ಕಳು ಹೆದರಿ ಸಾಲಾಗಿ ನಿಲ್ಲೋವು.”

ಮಗಳು ಕಾರ್ಡಕ್ಕನ ಕಡೆ ತಿರುಗಿದಳು. “ಹಾಗಾದ್ರೆ ಅವರೇ,” ಎಂದಳು.

ಕಳೆದ ಶನಿವಾರ ಸಭೆ. ಈ ವರ್ಷದ ಐವತ್ತನಾಲ್ಕು ಹೆಸರುಗಳನ್ನು ಪ್ರಿನ್ಸಿಪಾಲರು ಓದಿ ಮುಗಿಸುತ್ತಾರೆ. ತಿದ್ದುಪಡಿಯನ್ನೂ ತಾವೇ ಓದುತ್ತೇನೆ ಎಂದು ಅವರು ಹೇಳಿದ್ದರೂ ಕಾರ್ಡಕ್ಕ ಒಪ್ಪಿಲ್ಲ. ತಪ್ಪು ಮಾಡಿದ್ದು ನಾನು, ನೀವ್ಯಾಕೆ ಸಾರ್ ಹೇಳ್ತೀರಿ ಎಂಬುದು ಅವರ ವಾದ. ಸ್ವಿಚ್ಚುಗಳ ಪಕ್ಕದಿಂದ ವೇದಿಕೆಗೆ ಮೂವತ್ತು ಹೆಜ್ಜೆ. ಮೂವತ್ತೊಂದು ವರ್ಷದಲ್ಲಿ ಅವರು ಗುಡಿಸಲಿಕ್ಕಲ್ಲದೆ ಆ ವೇದಿಕೆ ಹತ್ತುತ್ತಿರುವುದು ಇದೇ ಮೊದಲು. ಮೈಕು ಅವರ ಎತ್ತರಕ್ಕಿಲ್ಲ. ಸರಿಮಾಡಲು ಕಾರ್ಯದರ್ಶಿಗಳೇ ಏಳುತ್ತಾರೆ.

“ಹೋದ ವರ್ಷ ನನ್ನ ಕೈಯಲ್ಲಿ ಒಬ್ಬರ ವಾಕ್ಯ ಇನ್ನೊಬ್ಬರಿಗೆ ಹೋಯ್ತು. ಈಗ ಸರಿಯಾಗಿ ಓದ್ತೀನಿ.”

ಮೊದಲು ಔಷಧಿ ಅಂಗಡಿಯವರದು. ಅವರ ಹೆಂಡತಿ ಕೈ ಮಡಿಲಲ್ಲಿಟ್ಟು ನೆಟ್ಟಗೆ ಕೂತು ಕೇಳುತ್ತಾರೆ. ಆಮೇಲೆ ಎರಡನೆಯದು: “ಒಂಬತ್ತು ವರ್ಷ, ಶಾಲೆಯಿದ್ದ ಪ್ರತಿ ಬೆಳಿಗ್ಗೆ ಒಂದು ಗಂಟೆ ತಿರುವಿನಲ್ಲಿ ನಿಂತು, ಛತ್ರಿ ಅಡ್ಡ ಹಿಡಿದು ವಾಹನ ತಡೆದು, ಮಕ್ಕಳನ್ನು ಬೈದು ರಸ್ತೆ ದಾಟಿಸಿದರು.” ಬೈದು ಎಂಬಲ್ಲಿ ಸಭೆ ನಗುತ್ತದೆ. ಮಗಳೂ ನಗುತ್ತಾಳೆ. ಬೈದು ಎಂಬುದನ್ನು ಬಿಡಬಾರದು ಎಂದು ಹಟ ಹಿಡಿದವಳು ಅವಳೇ.

ಸೋಮವಾರ ಬೆಳಿಗ್ಗೆ ಆರೂಕಾಲಕ್ಕೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ದೀಪ ಉರಿಯುತ್ತಿದೆ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಕಾರ್ಡಕ್ಕ ಕೆಳಗಿನ ಪೆಟ್ಟಿಗೆಯಿಂದ ಶುರುಮಾಡಿ ಹಳೆಯ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿ, ಹಿಂದಿನ ನಂಬರನ್ನು ಕಾರ್ಡಿನ ನಂಬರಿನ ಜೊತೆ ಇಟ್ಟು ನೋಡುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಆದದ್ದು ಒಂದೇ ತಪ್ಪು, ಅದೂ ಸರಿಹೋಯಿತಲ್ಲ ಎಂದು ಈ ಲೇಖನ ಬರೆಯಲು ಬಂದವರು ಅಂದರೆ, ತಲೆ ಎತ್ತದೆ ಹೇಳುತ್ತಾರೆ:

“ಒಂದೇ ತಪ್ಪು ಅಂತ ಬರೀಬೇಡಿ. ಗೊತ್ತಾಗಿದ್ದು ಒಂದು ಅಂತ ಬರೀರಿ.”