ಮರವಿಲ್ಲದ ಕಡೆ ಎಳೆದ ಗೆರೆ

ನನ್ನ ಸೊಸೆ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಪಾಠ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಎಂಬ ಒಂದು ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತಾಳೆ. ಅವಳೇ ಬರೆದದ್ದು. ಒಂದು ಹೆಚ್ಚಾದರೆ ಇನ್ನೊಂದು ಎಷ್ಟು ಹೆಚ್ಚಾಗುತ್ತದೆ ಎಂಬ ಲೆಕ್ಕಕ್ಕೆ ರಿಗ್ರೆಶನ್ ಅನ್ನುತ್ತಾರಂತೆ. ಅವಳ ಪ್ಯಾಕೇಜ್ ಆ ಲೆಕ್ಕದ ಸಾರವನ್ನು ನಾಲ್ಕು ಸಾಲಿನಲ್ಲಿ ಹೇಳಿ, ಚುಕ್ಕಿಗಳ ನಡುವೆ ಒಂದು ಗೆರೆ ಎಳೆದು ತೋರಿಸುತ್ತದೆ. ಎಲ್ಲೆಲ್ಲಿಯವರೋ ಬಿಟ್ಟಿ ಬಳಸುತ್ತಾರೆ. ಆಗಾಗ ರಿಪೇರಿ ಮಾಡಿ ಅಪ್‌ಡೇಟ್ ಬಿಡುತ್ತಾಳೆ.

ನನ್ನ ಓದು ಬಸ್ಸಿನ ಬೋರ್ಡಿನಷ್ಟೇ. ಆದರೆ ಹುಣಸೆ ಮರ ನೋಡಲು ಬರುತ್ತದೆ. ಮರ ಗುತ್ತಿಗೆ ಹಿಡಿಯುವವರು ಕೂಡ್ಲಿಗಿ, ಕೊಟ್ಟೂರು ಕಡೆಯಿಂದ ಬಂದು ನನ್ನನ್ನು ಕರೆದೊಯ್ಯುತ್ತಿದ್ದರು. ಮರ ಸುತ್ತಿ ನೋಡಿ, ಎಷ್ಟು ಚೀಲ ಹಣ್ಣು ಉದುರುತ್ತದೆಂದು ಹೇಳುತ್ತಿದ್ದೆ.

ಈ ಸಲ ಹೊಸ ಅಪ್‌ಡೇಟ್ ಪರೀಕ್ಷಿಸಲು ಅವಳಿಗೆ ಅಂಕಿಗಳು ಬೇಕಿದ್ದವು. ತಂಬ್ರಹಳ್ಳಿಯ ನಮ್ಮ ಹೊಲದ ಸುತ್ತಿನ ಹುಣಸೆ ಮರಗಳ ಬೊಡ್ಡೆಗೆ ಟೇಪು ಸುತ್ತಿ ಅಳೆದಳು. ಹಣ್ಣು ಬಡಿದ ಮೇಲೆ ಚೀಲ ಎಣಿಸಿದಳು. ಆಮೇಲೆ ಚಿತ್ರ ತೋರಿಸಿದಳು.

"ನೋಡ್ರಿ ಅತ್ತಿ, ಒಂದೊಂದು ಚುಕ್ಕಿ ಒಂದೊಂದು ಮರ. ಬೊಡ್ಡಿ ದಪ್ಪ ಆದಂಗ ಚೀಲ ಹೆಚ್ಚು."

ಗೆರೆ ಕೊನೆಯ ಚುಕ್ಕಿ ದಾಟಿ ಚಿತ್ರದ ಅಂಚಿನ ತನಕ ಏರಿತ್ತು. ಅಲ್ಲಿ ಬೆರಳಿಟ್ಟೆ.

"ಇದು ಯಾವ ಮರ?"

"ಅಲ್ಲಿ ಮರ ಇಲ್ರಿ. ಅಷ್ಟು ದಪ್ಪ ಇದ್ರ ಹನ್ನೆರಡು ಚೀಲ ಬರ್ತೈತಿ ಅಂತ ಗೆರಿ ಹೇಳ್ತೈತಿ."

"ಗೆರಿ ಆ ಮರ ಕಂಡೈತೇನು?"

ಅಷ್ಟು ದಪ್ಪದ ಮರ ಕೊಟ್ಟೂರು ಕಡೆಯ ಅರಸೀಕೆರೆಯಲ್ಲಿ ನನ್ನ ತಂಗಿಯ ಹೊಲದಲ್ಲಿತ್ತು. ನಾನು ಸುತ್ತಿ ನೋಡಿದ್ದ ಮರ ಅದು, ಈ ಸಲ ಇನ್ನೂ ಬಡಿದಿರಲಿಲ್ಲ. "ನಾಲ್ಕು ಚೀಲ, ತಪ್ಪಿದ್ರ ಐದು" ಅಂದೆ. ಅವಳು ನಂಬಲಿಲ್ಲ. ಭಾನುವಾರ ಇಬ್ಬರೂ ಹೋದೆವು. ಮರದ ಹೊಟ್ಟೆ ಪೊಳ್ಳು, ಮೇಲಿನ ಅರ್ಧದಷ್ಟು ಕೊಂಬೆಗಳು ಒಣಗಿದ್ದವು. ಬಡಿದರೆ ನಾಲ್ಕು ಚೀಲ ತುಂಬಿ ಐದನೆಯದು ಅರ್ಧಕ್ಕೆ ನಿಂತಿತು.

"ಏನಕ್ಕಾ, ನಿನ್ನ ಸೊಸಿ ಇನ್ನೂ ಏಳು ಖಾಲಿ ಚೀಲ ಹಿಡಕೊಂಡು ನಿಂತಾಳಲ್ಲ" ಅಂದಳು ತಂಗಿ.

ಸೊಸೆ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು.

"ಮೊದಲಿಂದ ಹಿಂಗ ಗೆರಿ ಎಳೀತೈತ್ರಿ. ಎಷ್ಟು ಮಂದಿ ನಂಬ್ಯಾರೋ. ಸುಮ್ಮನ ಸರಿ ಮಾಡಿದ್ರ ಯಾರಿಗೂ ಗೊತ್ತಾಗಂಗಿಲ್ಲ. ತಪ್ಪು ಅಂತ ಬರದ್ರ ನನ್ನ ಪ್ಯಾಕೇಜ್ ಇನ್ಯಾರು ಮುಟ್ತಾರ?"

"ಹಡಗಲಿ ಹತ್ರ ಒಂದು ಮರಕ್ಕ ಆರು ಚೀಲ ಅಂದಿದ್ದೆ ನಾನು. ಬಂದಿದ್ದು ಎರಡು. ಬಿಸಿಲಂತ ಒಂದೇ ಮಗ್ಗಲಾಗ ನಿಂತು ನೋಡಿದ್ದೆ. ಸುತ್ತಲಿಲ್ಲ, ತಪ್ಪು ನಂದು ಅಂತ ಗುತ್ತಿಗಿ ಹಿಡದವರ ಮುಂದನ ಹೇಳಿದೆ."

"ಆಮ್ಯಾಲೆ?"

"ಬೈದರು. ಮುಂದಿನ ವರ್ಷ ಅವರೇ ಬಂದು ಕರದರು."

ಅಪ್‌ಡೇಟನ್ನು ನಾಲ್ಕು ದಿನ ತಡೆದು ರಿಪೇರಿ ಮಾಡಿದಳು. ಈಗ ಚುಕ್ಕಿ ಮುಗಿದಲ್ಲಿ ಗೆರೆ ನಿಲ್ಲುತ್ತದೆ. ಅದರಾಚೆ ಬೇಕೆಂದು ಕೇಳಿದರೆ ಮಾತ್ರ ತುಂಡು ತುಂಡಾಗಿ ಎಳೆದು, ಇಲ್ಲಿ ಯಾರೂ ಅಳೆದಿಲ್ಲ ಎಂದು ಬರೆದು ತೋರಿಸುತ್ತದೆ. ಏನೇನು ಬದಲಾಯಿತೆಂಬ ಟಿಪ್ಪಣಿಯನ್ನು ನನಗೆ ಕನ್ನಡದಲ್ಲಿ ಹೇಳಿದಳು. ಮೊದಲ ಸಾಲೇ ಇದು: ಹಿಂದಿನ ಚಿತ್ರಗಳಲ್ಲಿ ಗೆರೆಯು ಚುಕ್ಕಿ ಇಲ್ಲದ ಕಡೆಗೂ ಹೋಗುತ್ತಿತ್ತು, ತಪ್ಪು ನನ್ನದು, ಹಳೆಯ ಚಿತ್ರಗಳನ್ನು ಮತ್ತೊಮ್ಮೆ ನೋಡಿ. ಎರಡು ಸಲ ಹೇಳಿಸಿಕೊಂಡೆ.

ಕೆಲವರು ಬಿಟ್ಟು ಹೋದರಂತೆ. ಹೋಗಲಿ. ಹೆಚ್ಚಿನವರು ಉಳಿದರು. ಒಬ್ಬ ಮಾತ್ರ ತನ್ನ ಚಿತ್ರದ ಗೆರೆ ಗಿಡ್ಡವಾಯಿತೆಂದು ಜಗಳಕ್ಕೆ ಬಂದ. ಅಲ್ಲಿಂದ ಒಂದು ಚುಕ್ಕಿ ಅಳೆದು ತನ್ನಿ, ಗೆರೆ ಅಲ್ಲಿಯ ತನಕ ಬರುತ್ತದೆ ಎಂದು ಇವಳು ಬರೆದಳು.

ಆ ಉತ್ತರ ನಾನು ಹೇಳಿಕೊಟ್ಟದ್ದಲ್ಲ. ಅವಳದೇ.